ಹ್ಯಾಂಡಲ್ ಮೇಲಿನ ಮ್ಯಾಡಮ್

ಶಹಾಪುರದ ಅಂಬ್ರಪ್ಪನಿಗೆ ದಾರಿಗಳು ಯಾವತ್ತೂ ಒಲಿದಿರಲಿಲ್ಲ. ಕಾಲುವೆ ಆಫೀಸಿನಲ್ಲಿ ಇಪ್ಪತ್ತನಾಲ್ಕು ವರ್ಷದಿಂದ ಟಪಾಲು ನೋಡಿಕೊಳ್ಳುವ ಗುಮಾಸ್ತ. ಯಾವ ಉಪಕಾಲುವೆ ಎಲ್ಲಿ ಹುಟ್ಟುತ್ತದೆ, ಎಲ್ಲಿ ಮುಗಿಯುತ್ತದೆ, ಯಾವ ಗೇಟು ಯಾವಾಗ ಏಳಬೇಕು, ಎಲ್ಲ ಕಾಗದವೂ ಅವನ ಸಿಕ್ಕಾ, ಅಂದರೆ ಮೊಹರು, ಬಿದ್ದೇ ಮುಂದೆ ಹೋಗಬೇಕು. ಹಾಗಿದ್ದೂ ಕಾಲುವೆಯನ್ನು ಅವನು ಕಂಡದ್ದು ಬಸ್ಸಿನ ಕಿಟಕಿಯಿಂದ ಮಾತ್ರ. ಅದೂ ಬಸ್ಸು ಎತ್ತ ಹೊರಟಿದೆ ಎಂಬ ಖಾತ್ರಿಯಿಲ್ಲದೆ.

ಮನೆಯವರು ಇದನ್ನು ದೊಡ್ಡದು ಮಾಡಿರಲಿಲ್ಲ. ಆದರೆ ಮೂರು ವರ್ಷದ ಹಿಂದೆ ಸೈದಾಪುರದಲ್ಲಿ ನೆಂಟರ ಮನೆಯ ನಿಶ್ಚಯ ಕಾರ್ಯ ಬಂತು. ಟೆಂಪೋದಲ್ಲಿ ಹದಿನಾರು ಮಂದಿ, ಡ್ರೈವರನ ಪಕ್ಕ ದಾರಿ ಹೇಳಲು ಅಂಬ್ರಪ್ಪ. ಟೆಂಪೋ ಒಂದು ಚಪ್ಪರದ ಮುಂದೆ ನಿಂತಿತು. ಉಪಚಾರ ಚೆನ್ನಾಗಿತ್ತು. ಹೋಳಿಗೆ ಎರಡೆರಡು ಸಲ ಬಡಿಸಿದರು. ಎಲೆ ಎತ್ತುವ ಹೊತ್ತಿಗೆ ಒಳಗಿನಿಂದ ತೊಟ್ಟಿಲು ಬಂತು. ಆಗ ಅಂಬ್ರಪ್ಪನ ಹೆಂಡತಿ ದೇವಕಮ್ಮ ಪಕ್ಕದವಳ ಕಿವಿಯಲ್ಲಿ, "ನಿಶ್ಚಯದಾಗ ಕೂಸು ಯಾಕ ಬಂತು?" ಎಂದಳು. ಅದು ಸೈದಾಪುರವೇ ಅಲ್ಲ, ಬಳಿಚಕ್ರ ಎಂಬ ಬೇರೆ ಊರಾಗಿತ್ತು.

ಇಂಥವನು ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ದೂರದ ಪ್ರಯಾಣಕ್ಕೆಂದೇ ಮಾಡಿದ ದೊಡ್ಡ ಮೋಟರ್‌ಸೈಕಲ್ಲು ಕೊಂಡು ಹೆಂಡತಿಯನ್ನು ಹಿಂದೆ ಕೂಡಿಸಿಕೊಂಡು ದೇಶ ನೋಡುತ್ತೇನೆ ಎಂದಾಗ ಓಣಿ ಎರಡು ದಿನ ಮಾತೇ ಆಡಲಿಲ್ಲ. ಮೂರನೆಯ ದಿನದಿಂದ ಬೇರೆ ಮಾತು ಆಡಲಿಲ್ಲ.

"ದಾರಿ ತಪ್ಪೂದಕ್ಕ ಬಸ್ಸು ಸಾಲಲಿಲ್ಲೇನ್ರಿ?" ಎಂದಳು ದೇವಕಮ್ಮ.

"ಇನ್ನ ತಪ್ಪೂದಿಲ್ಲ. ಜಿಪಿಎಸ್ ಅದ," ಎಂದ ಅಂಬ್ರಪ್ಪ. ಜಿಪಿಎಸ್ ಎಂದರೆ ಆಕಾಶದಲ್ಲಿ ತಿರುಗುವ ಉಪಗ್ರಹವನ್ನು ಕೇಳಿ ನಮಗೆ ದಾರಿ ಹೇಳುವ ಮಿಷನ್ನು ಎಂದು ವಿವರಿಸಿದ.

"ಪಾನ್ ಅಂಗಡ್ಯಾವನ್ನ ಕೇಳಿದ್ರ ಆಗೂದಿಲ್ಲೇನು?"

ಅವನ ಚಿಂತೆ ಬೇರೆಯೇ ಇತ್ತು. ಯಾದಗಿರಿಯ ಶೋರೂಮಿನಲ್ಲಿ ಗಾಡಿಯ ಎರಡು ನಮೂನೆ ಇದ್ದವು. ಒಂದರಲ್ಲಿ ಆ ಮಿಷನ್ನು ಮೀಟರಿನ ಒಳಗೇ ಕೂತು ಬರುತ್ತಿತ್ತು. ಇನ್ನೊಂದಕ್ಕೆ ಬೇರೆ ತಂದು ಹ್ಯಾಂಡಲ್ ಮೇಲೆ ಬಿಗಿಯಬೇಕು. ಈ ಎರಡರ ನಡುವೆ ಅಂಬ್ರಪ್ಪ ನಾಲ್ಕು ತಿಂಗಳು ನಿಂತ. ಅಷ್ಟರಲ್ಲಿ ಯಾದಗಿರಿಗೆ ಆರು ಸಲ ಹೋದ. ಶೋರೂಮಿನವರು ಅವನನ್ನು ಕಂಡರೆ ಚಹಾ ತರಿಸುವುದನ್ನೂ ಬಿಟ್ಟರು.

ಕೊನೆಗೆ ಶಹಾಪುರದ ಹಳೇ ಮೇಸ್ತ್ರಿ ಫಕ್ರುದ್ದೀನನ ಗ್ಯಾರೇಜಿಗೆ ಹೋದ. ಫಕ್ರುದ್ದೀನ ಇಂಜಿನ್ನೊಂದನ್ನು ಬಿಚ್ಚಿ ಹರವಿಕೊಂಡು ಕೂತಿದ್ದವನು ತಲೆ ಎತ್ತದೆ ಪೂರ್ತಿ ಕೇಳಿದ.

"ನೋಡ್ರಿ ಅಂಬ್ರಪ್ಪಣ್ಣ, ಒಳಗ ಕುಂತದ್ದು ಮನಿ ಅಳಿಯ ಇದ್ದಂಗ. ಕೆಟ್ಟರ ಹೊರಗ ಹಾಕಾಕ ಬರೂದಿಲ್ಲ, ಇಡೀ ಮೀಟರೇ ಬಿಚ್ಚಬೇಕು. ಹ್ಯಾಂಡಲ್ ಮ್ಯಾಲಿಂದು ನಾಕ್ ದಿನ ಇದ್ದು ಹೋಗೋ ಪಾವ್ಹಣ್ಯಾ ಇದ್ದಂಗ. ಸಾಕಾತು ಅಂದ್ರ ತಗದು ಕೈಯಾಗ ಕೊಡಬೋದು."

"ಒಳಗಿಂದು ಮಜಬೂತ್ ಇರ್ತದ ಅಂತಾರಲ್ಲೋ?"

"ಇರ್ತದ. ಆದ್ರ ಅದು ನಿಮಗೊಬ್ರಿಗೇ ಕಾಣ್ತದ. ಹ್ಯಾಂಡಲ್ ಮ್ಯಾಲಿಂದು ಊರಿಗೆಲ್ಲಾ ಕಾಣ್ತದ."

ನಾಲ್ಕು ತಿಂಗಳ ಗೊಂದಲ ಈ ಒಂದು ಮಾತಿನಲ್ಲಿ ಬಗೆಹರಿಯಿತು. ಅಂಗೈಗಿಂತ ತುಸು ದೊಡ್ಡದಾದ ಕಪ್ಪು ಮಿಷನ್ನು ಹ್ಯಾಂಡಲ್ ನಡುವೆ ಎದ್ದು ನಿಂತಿತು. ಬೆನ್ನ ಮೇಲೆ ಮಿಂಚುವ ಪಟ್ಟಿಯ ಜಾಕೀಟು, ಕೈಗವಸು, ಮುಖವನ್ನೆಲ್ಲ ನುಂಗುವ ಹೆಲ್ಮೆಟ್ಟು ಕೂಡ ಬಂದವು. ಅವನ್ನೆಲ್ಲ ತೊಟ್ಟು ಬಾಗಿಲಲ್ಲಿ ನಿಂತಾಗ ಹಾಲು ಹಾಕುವ ಮಲಕಮ್ಮ, "ಯಾರು ಬೇಕಾಗಿತ್ರಿ?" ಎಂದಳು.

ಮೊದಲ ಪ್ರಯಾಣ ಸುರಪುರಕ್ಕೆ. ಅಲ್ಲಿ ದೇವಕಮ್ಮನ ಅಕ್ಕ ಮೌನಮ್ಮ ಭಾನುವಾರ ಊಟಕ್ಕೆ ಕರೆದಿದ್ದಳು. ಶಹಾಪುರದಿಂದ ಸುರಪುರಕ್ಕೆ ನೆಟ್ಟಗೆ ಡಾಂಬರು ರಸ್ತೆ. ದಾರಿ ತಪ್ಪಬೇಕೆಂದರೂ ಸುಲಭವಿಲ್ಲ. ದೇವಕಮ್ಮ ಬಸ್ಸಿಗೆ ಹೋದಳು. "ನೀವು ಬಂದು ಮುಟ್ಟರಿ, ನಾ ಅಲ್ಲೇ ಇರ್ತೇನಿ," ಎಂದು ಹೇಳಿದ ಧ್ವನಿಯಲ್ಲಿ ಬೀಳ್ಕೊಡುಗೆಯ ಛಾಯೆ ಇತ್ತು.

ಅಂಬ್ರಪ್ಪ ಮಿಷನ್ನಿನಲ್ಲಿ 'ಹತ್ತಿರದ ದಾರಿ' ಎಂಬುದನ್ನು ಒತ್ತಿದ. ಅದರೊಳಗಿನಿಂದ ಒಬ್ಬ ಹೆಣ್ಣುಮಗಳು ಬೆಂಗಳೂರು ಕನ್ನಡದಲ್ಲಿ, "ಮುನ್ನೂರು ಮೀಟರ್‌ಗಳ ನಂತರ ಎಡಕ್ಕೆ ತಿರುಗಿ," ಎಂದಳು. ಅವನು ತಿರುಗಿದ. ಮತ್ತೆ ಎಡಕ್ಕೆ ಎಂದಳು, ತಿರುಗಿದ. ತುಸು ಹೊತ್ತಿನಲ್ಲಿ ಡಾಂಬರು ಮುಗಿದು ಮಣ್ಣು ಬಂತು, ಮಣ್ಣಿನ ಪಕ್ಕ ನೀರು ಬಂತು. ಇಪ್ಪತ್ತನಾಲ್ಕು ವರ್ಷ ಕಾಗದದಲ್ಲಿ ಮುಟ್ಟಿದ್ದ ಉಪಕಾಲುವೆಯ ದಂಡೆಯ ಮೇಲೆ ಅಂಬ್ರಪ್ಪ ಮೊದಲ ಸಲ ಗಾಡಿ ಹೊಡೆಯುತ್ತಿದ್ದ. ಅದು ಯಾವ ಉಪಕಾಲುವೆ ಎಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ.

ಒಂದು ಕಡೆ ಮಿಷನ್ನು ತಡವರಿಸಿತು. ಅಂಬ್ರಪ್ಪ ಗಾಡಿ ನಿಲ್ಲಿಸಿದ. ಅಲ್ಲಿ ಹತ್ತಿಕಟ್ಟಿಗೆ ಮುಚ್ಚಿದ್ದರೂ ಮುಚ್ಚಿಕೊಳ್ಳದ ಒಂದು ಪಂಪು ಕಾಲುವೆಗೆ ಕಳ್ಳಪೈಪು ಇಳಿಬಿಟ್ಟು ಗುಡುಗುಡು ಅನ್ನುತ್ತಿತ್ತು. ಪಕ್ಕದಲ್ಲಿ ಅದರ ಒಡೆಯ ವೆಂಕಪ್ಪ ಬೀಡಿ ಸೇದುತ್ತ ಕೂತಿದ್ದ. ಮಿಂಚುವ ಜಾಕೀಟು, ಮುಖವಿಲ್ಲದ ತಲೆ, ಗಾಡಿಯ ಮೇಲೆ ನಿಂತ ಕಪ್ಪು ಮಿಷನ್ನು ನೋಡಿ ಎದ್ದು ನಿಂತ.

"ಹುಡುಕಲಾಗುತ್ತಿದೆ," ಎಂದಿತು ಮಿಷನ್ನು.

ವೆಂಕಪ್ಪನ ಬೀಡಿ ಕೆಳಗೆ ಬಿತ್ತು. "ಯಾರನ್ನ ಹುಡುಕಾಕತ್ತಾರ್ರಿ ಮ್ಯಾಡಮ್ಮಾರು?"

"ನಮ್ಮನ್ನ," ಎಂದ ಅಂಬ್ರಪ್ಪ ಹೆಲ್ಮೆಟ್ಟಿನ ಒಳಗಿನಿಂದ. "ನಾವ್ ಎಲ್ಲಿ ಅದೀವಿ ಅಂತ ಹುಡುಕ್ತದ. ಮ್ಯಾಲ ಆಕಾಶದಾಗಿಂದ ನೋಡ್ತದ."

"ಆಕಾಶದಾಗಿಂದ! ಎಲ್ಲಾ ಕಾಣ್ತದೇನ್ರಿ?"

"ಒಂದ್ ಮಾರಿನ ಹೆಚ್ಚುಕಮ್ಮಿ ಇಲ್ಲದಂಗ."

"ಸಾಹೇಬ್ರದು ಯಾವ ಆಫೀಸ್ರಿ?"

"ಕೆನಾಲ್ ಆಫೀಸ್," ಎಂದ ಅಂಬ್ರಪ್ಪ. ಅವನು ಸುಳ್ಳು ಹೇಳುವ ಮನುಷ್ಯನಲ್ಲ.

"ಇಲ್ಲಿ ಏನ್ ಕೆಲಸ ಬಂತ್ರಿ?"

"ಏನಿಲ್ಲ. ಸುರಪುರಕ್ಕ ಊಟಕ್ಕ ಹೊಂಟೇನಿ."

ಡಾಂಬರು ರಸ್ತೆ ಬಿಟ್ಟು ಕಾಲುವೆ ದಂಡೆ ಹಿಡಿದು ಸುರಪುರಕ್ಕೆ ಊಟಕ್ಕೆ ಹೋಗುತ್ತಾರೆಂದರೆ ನಂಬಲು ವೆಂಕಪ್ಪ ಕೂಸಲ್ಲ. ಮೊನ್ನೆ ಬೆಳೆ ಸಮೀಕ್ಷೆಗೆ ಬಂದವರ ಕೈಯಲ್ಲೂ ಇಂಥದ್ದೇ ಡಬ್ಬಿ ಇದ್ದದ್ದು ಅವನಿಗೆ ನೆನಪಾಯಿತು. ಅಂಬ್ರಪ್ಪನೋ, ಸುಮ್ಮನೆ ಎದ್ದು ಹೋಗಬಾರದೆಂದು, ಮರ್ಯಾದೆಗೆ ಒಂದು ಮಾತು ಹುಡುಕಿದ. ಕಣ್ಣಿಗೆ ಪಂಪು ಬಿತ್ತು.

"ಛಂದ ಅದ. ಎಷ್ಟು ಎಚ್‌ಪಿದು?" ಎಂದ.

"ಐದ್ರಿ," ಎಂದ ವೆಂಕಪ್ಪ, ಪಂಪಿಗೆ ಅಡ್ಡವಾಗಿ ಸರಿದು.

"ಬಲಕ್ಕೆ ತಿರುಗಿ," ಎಂದಳು ಹೆಣ್ಣುಮಗಳು. ಅಂಬ್ರಪ್ಪ ಕೈಮುಗಿದು ಹೊರಟ. ಸುರಪುರ ಮುಟ್ಟಿದಾಗ ಸಂಜೆ ನಾಲ್ಕು. ಮೌನಮ್ಮ ಆರಿದ ರೊಟ್ಟಿ ಮುಂದಿಟ್ಟು, "ಭಾಳ ದೂರದ ಗಾಡಿ ಅಂತ ಕೇಳಿದ್ದೆ, ಖರೇನೇ ಅದ," ಎಂದಳು.

ಅವನು ಉಣ್ಣುವಷ್ಟರಲ್ಲಿ ವೆಂಕಪ್ಪನ ಫೋನು ಕಾಲುವೆಯುದ್ದಕ್ಕೂ ಓಡಾಡಿತ್ತು. ಕೆನಾಲ್ ಆಫೀಸಿನಿಂದ ಕಳ್ಳ ಪಂಪಿನ ಮೋಟರು ಹಿಡಿಯುವ ಮಿಷನ್ನು ಬಂದಿದೆ, ಅದರೊಳಗೆ ಬೆಂಗಳೂರಿನ ಮ್ಯಾಡಮ್ ಕೂತು ಮಾತಾಡುತ್ತಾರೆ, ಎಚ್‌ಪಿ ಸಹಿತ ಬರೆದುಕೊಂಡು ಹೋದರು. ಮಂಗಳವಾರದ ಹೊತ್ತಿಗೆ ಆ ದಂಡೆಯ ಅರ್ಧದಷ್ಟು ಪಂಪುಗಳು ಮನೆಯ ಅಟ್ಟ ಸೇರಿದ್ದವು.

ಬುಧವಾರ ವೆಂಕಪ್ಪನ ಊರಿನ ಐದು ಮಂದಿ ಹಿರಿಯರು, ಕೆನಾಲ್ ಆಫೀಸಿನ ದೊಡ್ಡ ಗಾಡಿಯವರು ಯಾರೆಂದು ಕೇಳಿಕೊಂಡು, ಶಹಾಪುರದ ಮನೆಗೆ ಬಂದರು. ಅಂಬ್ರಪ್ಪ ಆಫೀಸಿನಲ್ಲಿದ್ದ. ಒಂದು ಚೀಲ ಶೇಂಗಾ, ಎರಡು ಕೋಳಿ ಒಳಗಿಟ್ಟು, "ಮ್ಯಾಡಮ್ಮಾರಿಗಿ ನಮ್ ಪರವಾಗಿ ಒಂದ್ ಮಾತು ಹೇಳಸ್ರಿ ಅಕ್ಕಾರ," ಎಂದರು.

"ಯಾವ ಮ್ಯಾಡಮ್?" ಎಂದಳು ದೇವಕಮ್ಮ.

"ಸಾಹೇಬ್ರ ಜೋಡಿ ಗಾಡಿ ಮ್ಯಾಲ ಬರ್ತಾರಲ್ರಿ, ಅವರು. ಭಾಳ ಛಂದ ಮಾತಾಡ್ತಾರ. ಅವರು ತಿರಗು ಅಂದ್ ಕಡಿಗೇ ಸಾಹೇಬ್ರು ತಿರಗತಾರ."

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ತಾನು ಹೇಳಿದ ಕಡೆ ಒಮ್ಮೆಯೂ ತಿರುಗದ ಗಂಡನ ಬಗ್ಗೆ ಈ ಮಾತು ಕೇಳಿ ದೇವಕಮ್ಮ ಕೂತಲ್ಲೇ ಕೂತಳು. ಅಂಬ್ರಪ್ಪ ಸಂಜೆ ಬಂದಾಗ ಕೋಳಿಗಳನ್ನು ಮಂಚದ ಕಾಲಿಗೆ ಕಟ್ಟಿತ್ತು.

"ಯಾರ್ರಿ ಅಕಿ?"

"ಯಾರು?"

"ಗಾಡಿ ಮ್ಯಾಲಿನಾಕಿ."

"ಅದು ಮಿಷನ್ನು!"

"ಮಿಷನ್ನಿಗಿ ಕೋಳಿ ಯಾಕ ಬೇಕ್ರಿ?"

ವಿಷಯ ಪೂರ್ತಿ ತಿಳಿದಾಗ ಅಂಬ್ರಪ್ಪ ಮೊದಲು ಬಾಗಿಲು ಹಾಕಿದ. ಟಪಾಲಿನಲ್ಲಿ ಲಂಚ ತಿಂದವರ ವಿಚಾರಣೆಯ ಕಾಗದಗಳು ಎಂಥ ಬಣ್ಣದ ಲಕೋಟೆಯಲ್ಲಿ ಬರುತ್ತವೆಂದು ಅವನಿಗೆ ಗೊತ್ತಿತ್ತು. ಮರುದಿನ ರಜೆ ಹಾಕಿ, ಶೇಂಗಾ ಹಿಂದೆ ಕಟ್ಟಿ, ಕೋಳಿಗಳನ್ನು ಬುಟ್ಟಿಯಲ್ಲಿ ತೂಗುಹಾಕಿ, ಕೊಟ್ಟವರಿಗೆ ಕೊಟ್ಟು ಬರಲು ಹೊರಟ. ಆ ಊರು ಎಲ್ಲಿದೆ ಎಂದು ತಿಳಿಯದ್ದರಿಂದ ಮಿಷನ್ನನ್ನೇ ಕೇಳಬೇಕಾಯಿತು. ಅದು ಅವನನ್ನು ಅದೇ ದಂಡೆಯ ಮೇಲೆ ಎರಡು ಸಲ ಹೋಗುವಂತೆ, ಒಂದು ಸಲ ಬರುವಂತೆ ಮಾಡಿತು. ಕೊನೆಗೆ ವೆಂಕಪ್ಪನ ಬಾಗಿಲಲ್ಲಿ ಚೀಲ ಇಳಿಸಿ, "ಇಂಥಾದ್ದೆಲ್ಲಾ ಬ್ಯಾಡ್ರೆಪ್ಪಾ," ಎಂದು ಕೈಮುಗಿದು ಬಂದ.

ಊರಿಗೆ ಊರೇ ಹೌಹಾರಿತು. ಕಾಲುವೆ ಬಂದಾಗಿನಿಂದ ಆ ಕಡೆ ಬಂದ ಯಾವ ಅಧಿಕಾರಿಯೂ ಕೋಳಿಯನ್ನು ಜೀವಂತ ಹಿಂದಿರುಗಿಸಿದ ದಾಖಲೆ ಇರಲಿಲ್ಲ. "ಕೋಳಿನೇ ಒಲ್ಲೆ ಅಂತಾನ ಅಂದ್ರ ಮುಗೀತಪ್ಪೋ," ಎಂದ ಒಬ್ಬ ಮುದುಕ. ಆ ರಾತ್ರಿಯೊಳಗೆ ಉಳಿದ ಪಂಪುಗಳೂ ಎದ್ದವು.

ಶುಕ್ರವಾರ ಆಫೀಸಿನಲ್ಲಿ ಇಂಜಿನಿಯರ್ ಸಾಹೇಬರಿಂದ ಕರೆ ಬಂತು. ಮೈಸೂರು ಕಡೆಯ ಈ ಸಾಹೇಬರು ಬಂದು ಎರಡು ವರ್ಷವಾಗಿತ್ತು. ಅಂಬ್ರಪ್ಪ ಒಳಗೆ ಹೋಗಿ ಎಂದಿನಂತೆ ಬಾಗಿಲ ಬಳಿ ನಿಂತ.

"ಬನ್ನಿ ಅಂಬ್ರಪ್ಪನವರೇ, ಕೂತ್ಕೊಳಿ," ಎಂದರು ಸಾಹೇಬರು.

ಆ ಕೋಣೆಯಲ್ಲಿ ಅಂಬ್ರಪ್ಪ ಕೂತದ್ದು ಅದೇ ಮೊದಲು. ಕುರ್ಚಿಯ ತುದಿಗೆ ಕೂತ.

"ನಮ್ಮ ಉಪಕಾಲುವೆಯಲ್ಲಿ ಪಂಪುಗಳೇ ಇಲ್ಲವಂತೆ. ನಾನು ಎರಡು ವರ್ಷದಲ್ಲಿ ಎಷ್ಟು ನೋಟೀಸು ಕೊಟ್ಟೆ, ನಿಮಗೇ ಗೊತ್ತು."

"ನಲವತ್ತಾರ್ರಿ. ನಾನೇ ಕಳಿಸೀನಿ."

ಸಾಹೇಬರು ದನಿ ಇಳಿಸಿದರು. "ಆ ಮ್ಯಾಡಂ ಯಾರು? ಬೆಂಗಳೂರಿನ ಹೆಡ್ಡಾಫೀಸಿನವರಾ?"

"ಮ್ಯಾಡಮ್ ಯಾರೂ ಇಲ್ರಿ ಸರ. ಅದು ಬರೇ ದಾರಿ ತೋರಸ್ತದ."

"ಸರಿ ಸರಿ. ಹೇಳೋ ಹಾಗಿಲ್ಲ ಅಂದ್ರೆ ಬೇಡ." ಸಾಹೇಬರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ನನ್ನ ಬಗ್ಗೆ ಏನಾದ್ರೂ ಕೇಳಿದ್ರಾ?"

"ಇಲ್ರಿ."

"ಕೇಳಿದ್ರೆ, ನೋಟೀಸು ಕೊಟ್ಟಿದ್ದು ಹೇಳಿ."

ಅಂಬ್ರಪ್ಪ ಹೊರಗೆ ಬಂದಾಗ ಅವನ ಮೇಜಿನ ಮುಂದೆ ಅರವತ್ತು ದಾಟಿದ ಹೆಂಗಸೊಬ್ಬಳು ನಿಂತಿದ್ದಳು. ಕಚ್ಚೆ ಸೀರೆ, ಕಾಲಲ್ಲಿ ಒಣಗಿದ ಕೆಸರು.

"ಮಿಷನ್ನಿನ ಸಾಹೇಬ್ರು ನೀವೇ ಏನ್ರಿ? ನಾ ಕರಿಗುಡ್ಡದ ಗೊಲ್ಲಾಳಮ್ಮ."

ಆ ಹೆಸರು ಕೇಳಿ ಅಂಬ್ರಪ್ಪ ಎದ್ದು ನಿಂತ. ಕರಿಗುಡ್ಡ ಎಂದರೆ ಉಪಕಾಲುವೆಯ ಕೊನೆಯ ಊರು. "ನಮ್ಮ ಹೊಲಕ್ಕೆ ನೀರು ಬರುತ್ತಿಲ್ಲ" ಎಂಬ ಅರ್ಜಿ ಪ್ರತಿ ವರ್ಷ ಬರುತ್ತಿತ್ತು, ಕೆಳಗೆ ಹೆಬ್ಬೆಟ್ಟು, ಪಕ್ಕದಲ್ಲಿ ಈ ಹೆಸರು.

"ಹನ್ನೊಂದು ಅರ್ಜಿ ಕೊಟ್ಟೀರಿ," ಎಂದ.

"ಹೌದ್ರಿ. ಸಿಕ್ಕಾ ಹೊಡದು ಕೊಡತಿದ್ದವ್ರು ನೀವೇನ್ರಿ?"

"ನಾನೇ."

"ಸಿಕ್ಕಾ ಛಂದ ಬೀಳ್ತಿತ್ತು," ಎಂದಳು ಗೊಲ್ಲಾಳಮ್ಮ. ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ಅದರಿಂದಲೇ ಅಂಬ್ರಪ್ಪನಿಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. "ಇವತ್ತ ನೀರು ಬಂತ್ರಿ ಸಾಹೇಬ್ರ. ಮುಂಜಾನಿ ಎದ್ದು ನೋಡ್ತೇನಿ, ಕಾಲುವ್ಯಾಗ ನೀರು. ಈ ವರ್ಷ ಒಂದು ಎಕರೆ ಮೆಣಸಿನಗಿಡ ಹಚ್ಚೀನಿ. ಕಾಯಿ ಹಿಡದಾವ."

ಅಂಬ್ರಪ್ಪನಿಗೆ ಸಂತೋಷಕ್ಕಿಂತ ಮೊದಲು ಭಯವಾಯಿತು. ಆಚೀಚೆ ನೋಡಿ, ತಗ್ಗಿದ ದನಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟ. ಮಿಷನ್ನಿಗೆ ಪಂಪು ಕಾಣುವುದಿಲ್ಲ. ಮ್ಯಾಡಮ್ ಇಲ್ಲ. ತಾನು ದಾರಿ ತಪ್ಪಿದವನು, ಅಷ್ಟೇ.

"ಗೊತ್ತದ ಬಿಡ್ರಿ," ಎಂದಳು ಗೊಲ್ಲಾಳಮ್ಮ. "ನಾವು ಹತ್ತಿ ಬಿಡಸಾಕ ಹೋಗೋ ಗಾಡ್ಯಾಗ ಡ್ರೈವರನ ಫೋನಿನಾಗೂ ಅಕಿನೇ ಮಾತಾಡ್ತಾಳ. ಎಡಕ್ಕ, ಬಲಕ್ಕ. ಪಾಪ, ಅಕಿಗಿ ಬ್ಯಾರೇ ಏನೂ ಬರೂದಿಲ್ಲ."

"ಮತ್ತ?"

"ಇನ್ನ ಮೂರು ಸರದಿ ನೀರು ಸಿಕ್ಕರ ನನ್ನ ಮೆಣಸಿನಕಾಯಿ ಹಣ್ಣಾಗ್ತಾವ. ಮೂರು ವಾರ. ನೀವೇನು ಸುಳ್ಳು ಹೇಳಬ್ಯಾಡ್ರಿ. ಸುಮ್ನ ಐತವಾರಕ್ಕೊಮ್ಮಿ ಗಾಡಿ ತಗೊಂಡು ನಮ್ಮೂರಿಗಿ ಬರ್ರಿ. ರಸ್ತಾ ಸರ್ಕಾರದ್ದು, ಗಾಡಿ ನಿಮ್ದು."

ಅಂಬ್ರಪ್ಪ ಮನೆಗೆ ಬಂದು ಇದನ್ನು ದೇವಕಮ್ಮನಿಗೆ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಹನ್ನೊಂದು ಅರ್ಜಿಗಿ ಸಿಕ್ಕಾ ಹೊಡದೀರಿ. ಮೂರು ಸಲ ಹೋಗಿ ಬರಾಕ ಏನ್ ಧಾಡಿ?" ಎಂದಳು. ಆಮೇಲೆ, "ನಾನೂ ಬರ್ತೇನಿ. ಅಕಿ ದನಿ ಹೆಂಗದ ಕೇಳಬೇಕು."

ಹೀಗೆ ದೇಶ ನೋಡುವ ಗಾಡಿ ಎರಡು ಭಾನುವಾರ ಕರಿಗುಡ್ಡ ನೋಡಿ ಬಂತು. ದಂಡೆಯ ಮೇಲೆ ಜನ ಎದ್ದು ನಿಂತು ಕೈಮುಗಿಯುತ್ತಿದ್ದರು. ಈಗ ಹಿಂದೆ ಹೆಂಗಸೊಬ್ಬಳು ಕೂತಿದ್ದರಿಂದ ಮ್ಯಾಡಮ್ ಖುದ್ದು ಬಂದಿದ್ದಾರೆಂದು ಸುದ್ದಿಯಾಯಿತು. ದೇವಕಮ್ಮನಿಗೆ ಅದು ತಿಳಿಯದು. ಕೈಮುಗಿದವರಿಗೆಲ್ಲ ಅವಳೂ ಗಂಭೀರವಾಗಿ ತಲೆ ತೂಗಿದಳು.

ಮೂರನೆಯ ಭಾನುವಾರ ಕಾಲುವೆಯ ಸೇತುವೆಯ ಮೇಲೆ ಇಪ್ಪತ್ತು ಮಂದಿ ಅಡ್ಡ ನಿಂತಿದ್ದರು. ಮುಂದೆ ವೆಂಕಪ್ಪ. ಯಾರೋ ತಿಳಿದವರು ಅವನ ಕಿವಿಯಲ್ಲಿ ಅನುಮಾನ ಹಾಕಿದ್ದರು. ಅವನ ಭತ್ತಕ್ಕೂ ನೀರಿನ ದಿನಗಳೇ ಅವು.

"ಸಾಹೇಬ್ರ, ಒಂದ್ ಮಾತು. ಇದು ಖರೇನೇ ಮೋಟರ್ ಹಿಡಿಯೋ ಮಿಷನ್ನೇನ್ರಿ? ನಿಮ್ ಮಕ್ಕಳ ಮ್ಯಾಲ ಆಣಿ ಮಾಡಿ ಹೇಳ್ರಿ."

ಅಂಬ್ರಪ್ಪ ಹೆಲ್ಮೆಟ್ಟು ತೆಗೆದ. ಕರಿಗುಡ್ಡದ ಮೆಣಸಿನಗಿಡ ಕಣ್ಣ ಮುಂದೆ ಬಂತು. ಇನ್ನೊಂದು ಸರದಿ ಬಾಕಿ. ಬೆನ್ನ ಹಿಂದಿನಿಂದ ದೇವಕಮ್ಮ ಜಾಕೀಟು ಜಗ್ಗಿದಳು. ಆದರೆ ನೇರವಾಗಿ ಕೇಳಿದವನಿಗೆ ಸುಳ್ಳು ಹೇಳಲು ಅವನಿಗೆ ಬಾಯಿ ಬರಲಿಲ್ಲ.

"ಅಲ್ಲೋ ವೆಂಕಪ್ಪ. ಇದು ಬರೇ ದಾರಿ ತೋರಸ್ತದ. ಇದಕ್ಕ ಮೋಟರ್ ಗೊತ್ತಿಲ್ಲ, ನೀನೂ ಗೊತ್ತಿಲ್ಲ. ಯಾರೂ ಕಾಣೂದಿಲ್ಲ ಇದಕ್ಕ..."

"ನೀವು ತಲುಪಬೇಕಾದ ಸ್ಥಳ ನಿಮ್ಮ ಬಲಗಡೆ ಇದೆ," ಎಂದಳು ಹೆಣ್ಣುಮಗಳು.

ಬಲಗಡೆ ವೆಂಕಪ್ಪ ನಿಂತಿದ್ದ.

ಹತ್ತೊಂಬತ್ತು ಮಂದಿ ಅವನಿಂದ ಎರಡೆರಡು ಹೆಜ್ಜೆ ದೂರ ಸರಿದರು. ಅಂಬ್ರಪ್ಪ ಕಕ್ಕಾಬಿಕ್ಕಿಯಾಗಿ, ಬೆಳಿಗ್ಗೆ ಊರಿನ ಹೆಸರು ತಪ್ಪು ಒತ್ತಿದೆನೆಂದು ಹೇಳುತ್ತ, ಅದರ ಬಾಯಿ ಮುಚ್ಚಿಸಲು ಹೋದ. ಕೈಗವಸಿನ ಬೆರಳು ಗುಂಡಿಗೆ ಸಿಗಲಿಲ್ಲ. ಕಿತ್ತು ಕೈಗೆ ತೆಗೆದುಕೊಂಡ. ಅದು ಜಾರಿತು. ಸೇತುವೆಯ ಅಂಚಿಗೆ ಒಮ್ಮೆ ಬಡಿದು, ಕಾಲುವೆಯ ನಡು ನೀರಿಗೆ ಬಿತ್ತು.

ಎಲ್ಲರೂ ನೀರಿಗೆ ಬಗ್ಗಿ ನೋಡಿದರು. ಆಮೇಲೆ ಒಬ್ಬ ಮೆಲ್ಲಗೆ, "ಸರ್ಕಾರದ ಮಿಷನ್ನು. ನಾವೇ ಒಗದೀವಿ ಅಂತಾರ," ಎಂದ. ಕಣ್ಣು ಪಿಳುಕಿಸುವಷ್ಟರಲ್ಲಿ ಸೇತುವೆ ಖಾಲಿಯಾಯಿತು. ವೆಂಕಪ್ಪ ಮಾತ್ರ ನೀರು ನೋಡುತ್ತ ನಿಂತಿದ್ದ.

"ಹೋಗ್ಲಿ ಬಿಡಪ್ಪ, ನಂದೇ ಅದು," ಎಂದ ಅಂಬ್ರಪ್ಪ. ವೆಂಕಪ್ಪನಿಗೆ ಅದು ಕೇಳಿಸಿದಂತೆ ಕಾಣಲಿಲ್ಲ.

ಅಲ್ಲಿಂದ ಮುಂದೆ ದೇವಕಮ್ಮ ಎಮ್ಮೆ ಕಾಯುವವರನ್ನು, ಕಟ್ಟಿಗೆ ಹೊತ್ತವರನ್ನು ಕೇಳಿಕೊಂಡು ದಾರಿ ಹೇಳಿದಳು. ಅರ್ಧ ತಾಸಿನಲ್ಲಿ ಕರಿಗುಡ್ಡ ಬಂತು. ಕಾಲುವೆ ಅಲ್ಲಿ ಮೊಳದಗಲಕ್ಕೆ ಸಣ್ಣದಾಗಿ, ಗೊಲ್ಲಾಳಮ್ಮನ ಬದುವಿನಲ್ಲಿ ಮುಗಿಯುತ್ತಿತ್ತು. ಗಿಡಗಳಲ್ಲಿ ಕಾಯಿ ಉದ್ದವಾಗಿದ್ದವು, ಕೆಳಗಿನವು ಒಂದೆರಡು ಕೆಂಪಾಗಿದ್ದವು.

"ಹೇಳಿಬಿಟ್ಟೆನವ್ವ," ಎಂದ ಅಂಬ್ರಪ್ಪ, ತಪ್ಪು ಮಾಡಿದವನಂತೆ. "ಆಣಿ ಮಾಡು ಅಂದ್ರು. ನಾಳಿ ಮೋಟರ್ ಮತ್ತ ಇಳೀತಾವ."

ಗೊಲ್ಲಾಳಮ್ಮ ಬದುವಿನ ಮೇಲಿದ್ದ ಬುತ್ತಿ ಎಳೆದುಕೊಂಡಳು. "ಕೇಳಿದ್ಮ್ಯಾಲ ಹೇಳಲೇಬೇಕಲ್ರಿ," ಎಂದಳು. "ಕುಂದರ್ರಿ. ರೊಟ್ಟಿ ತಿನ್ರಿ."

ಬುತ್ತಿ ಬಿಚ್ಚುವಷ್ಟರಲ್ಲಿ ದಂಡೆಯ ಮೇಲೆ ಇನ್ನೊಂದು ಗಾಡಿ ಬಂತು. ವೆಂಕಪ್ಪ ಇಳಿದ. ಅಡಿಯಿಂದ ಮುಡಿಯವರೆಗೆ ತೊಯ್ದಿದ್ದ, ಕಿವಿಯಲ್ಲಿ ಕೆಸರು. ಟವೆಲಿನಲ್ಲಿ ಸುತ್ತಿದ್ದ ಮಿಷನ್ನನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದ. ಅದರ ಮೂಲೆಯಿಂದ ನೀರು ಸೋರುತ್ತಿತ್ತು.

"ಮೂರು ಸಲ ಮುಳುಗೀನ್ರಿ. ಸಿಕ್ತು. ಆದ್ರ ಮ್ಯಾಡಮ್ಮಾರು ಮಾತಾಡ್ವಲ್ರು."

ಅಂಬ್ರಪ್ಪ ಅದನ್ನು ತೆಗೆದುಕೊಂಡ. ವೆಂಕಪ್ಪ ತಲೆ ಒರೆಸಿಕೊಳ್ಳುತ್ತ ಸುತ್ತ ನೋಡಿದ. ಕಾಲುವೆಯ ಮೇಲ್ಭಾಗದಲ್ಲಿ ಹುಟ್ಟಿ ಬೆಳೆದವನು, ಈ ಕಡೆ ಎಂದೂ ಬಂದಿರಲಿಲ್ಲ. ಬದುವಿನ ಹತ್ತಿರ ಹೋಗಿ, ನೀರು ನಿಲ್ಲುವ ಜಾಗದಲ್ಲಿ ಬಗ್ಗಿ ನೋಡಿದ. ಮುಂದೆ ಬರೀ ಕಲ್ಲುಭೂಮಿ.

"ಕೆನಾಲು ಇಲ್ಲೇ ಮುಗೀತದೇನು?" ಎಂದ.

"ಈಗ ಇಲ್ಲಿ ಮುಗೀತದ," ಎಂದಳು ಗೊಲ್ಲಾಳಮ್ಮ. "ಹನ್ನೊಂದು ವರ್ಷ ನಿಮ್ ಹೊಲದಾಗ ಮುಗೀತಿತ್ತು."

ವೆಂಕಪ್ಪ ಟವೆಲನ್ನು ಹಿಂಡಿದ, ಮತ್ತೆ ಹಿಂಡಿದ, ಇನ್ನು ಹಿಂಡಲು ನೀರೇ ಇರಲಿಲ್ಲ. ದೇವಕಮ್ಮ ಸರಿದು ಜಾಗ ಮಾಡಿದಳು. ಅವನು ಹಸಿ ಬಟ್ಟೆಯಲ್ಲೇ ಕೂತು, ಕೊಟ್ಟ ರೊಟ್ಟಿ ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮೆಣಸಿನಗಿಡಗಳನ್ನೇ ನೋಡಿದ.

"ಇನ್ನೆಷ್ಟು ಸರದಿ ಬೇಕು, ಯವ್ವಾ?" ಎಂದ ಕೊನೆಗೆ.

"ಒಂದು."

"ತಗೋ. ಮೋಟರ್ ಅಟ್ಟದ ಮ್ಯಾಲೇ ಇರಲಿ," ಎಂದು ವೆಂಕಪ್ಪ ರೊಟ್ಟಿ ಮುರಿದ.